ಸ್ಟಾಪ್ ಒತ್ತಿದರೂ ನಿಲ್ಲದ ಲೇತ್

ಅರ್ಥಿಂಗ್ ಎಂದರೆ ಶಾಕ್ ತಪ್ಪಿಸುವ ಹಸಿರು ತಂತಿ, ಅಷ್ಟೇ ಎಂದು ವಿದ್ಯುತ್ ಪ್ಯಾನೆಲ್ ಕಟ್ಟುವವರಲ್ಲೇ ಅನೇಕರು ತಿಳಿದಿದ್ದಾರೆ. ಅಷ್ಟೇ ಅಲ್ಲ ಎಂಬುದಕ್ಕೆ ಬೆಂಗಳೂರಿನ ಪೀಣ್ಯದ ಸಣ್ಣ ವರ್ಕ್‌ಶಾಪೊಂದರ ಹಳೆಯ ಲೇತ್ (ಲೋಹ ಕಡೆಯುವ ಯಂತ್ರ) ಒಂದು ಉದಾಹರಣೆ. ಅದರಲ್ಲಿ ಎರಡು ದೂರುಗಳಿದ್ದವು. ಓಡುವಾಗ ಬಾಡಿ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಅದಕ್ಕೆ ಮರದ ಹಲಗೆ ಹಾಕಿಕೊಂಡಿದ್ದರು. ಕೆಲವೊಮ್ಮೆ ಸ್ಟಾಪ್ ಒತ್ತಿದರೂ ಮೋಟರ್ ನಿಲ್ಲುತ್ತಿರಲಿಲ್ಲ. ಅದಕ್ಕೆ ಬಟನ್ನನ್ನೇ ಬದಲಿಸಿದ್ದರು.

ಮೋಟರ್‌ಗೆ ಕರೆಂಟ್ ಕೊಡುವುದು ಕಾಂಟ್ಯಾಕ್ಟರ್, ಅಂದರೆ ಕಾಯಿಲ್‌ನ ಅಯಸ್ಕಾಂತ ಎಳೆದು ಹಿಡಿಯುವ ದೊಡ್ಡ ಸ್ವಿಚ್. ಇಲ್ಲಿ ಅದರ ಕಾಯಿಲ್ 415 ವೋಲ್ಟ್‌ನದು, ಎರಡು ಫೇಸ್‌ಗಳ ನಡುವೆ ನೇರವಾಗಿ ಕೂಡಿಸಿದ್ದು. ಬಟನ್‌ನಿಂದ ಕಾಯಿಲ್‌ಗೆ ಹೋಗುವ ತಂತಿಯ ಇನ್ಸುಲೇಶನ್ ಎಣ್ಣೆಯಲ್ಲಿ ನೆನೆದು, ಲೋಹದ ಫ್ಲೆಕ್ಸಿಬಲ್ ಪೈಪಿನ ಅಂಚಿಗೆ ಉಜ್ಜಿ ಸವೆದು, ತಂತಿ ಪೈಪಿನ ಮೂಲಕ ಬಾಡಿಗೆ ತಾಗುತ್ತಿತ್ತು. ಈಗ ಸ್ಟಾಪ್ ಒತ್ತಿದರೆ ಒಂದು ಫೇಸ್ ಕಡಿಯುತ್ತದೆ, ಆದರೆ ಇನ್ನೊಂದು ಫೇಸ್‌ನಿಂದ ಕಾಯಿಲ್ ಮೂಲಕ ಬಾಡಿಗೆ ಸುಮಾರು 240 ವೋಲ್ಟ್ ದಾರಿ ಉಳಿಯುತ್ತದೆ. ಅಷ್ಟು ವೋಲ್ಟೇಜಿಗೆ ಕಾಂಟ್ಯಾಕ್ಟರ್ ಹೊಸದಾಗಿ ಎಳೆದುಕೊಳ್ಳಲಾರದು. ಎಳೆದುಕೊಂಡಿದ್ದನ್ನು ಮಾತ್ರ ಹಿಡಿದುಕೊಂಡೇ ಇರಬಲ್ಲದು. ಬಾಡಿಯ ಅರ್ಥ್ ತಂತಿಯನ್ನು ಬಣ್ಣದ ಮೇಲೆಯೇ ಬೋಲ್ಟ್ ಮಾಡಿದ್ದರು. ಫ್ಯೂಸ್ ಸುಡುವಷ್ಟು ಕರೆಂಟ್ ಹರಿಯಲು ಆ ಜೋಡಣೆ ಸಾಲದು, ಕಾಯಿಲ್ ಹಿಡಿದಿಡುವ ಹತ್ತಾರು ಮಿಲಿಆಂಪಿಯರ್‌ಗೆ ಧಾರಾಳ ಸಾಕು. ಇಂಥ ಅರೆಬರೆ ಅರ್ಥಿಂಗ್ ನನಗೆ ಇಲ್ಲದಿರುವುದಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ಹಳೆಯ ವೈರಿಂಗ್ ಪೂರ್ತಿ ಕಿತ್ತು 415/110 ವೋಲ್ಟ್‌ನ 250 ವಿಎ (ವೋಲ್ಟ್-ಆಂಪಿಯರ್) ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಹಾಕಿದೆ. ಅದರ 110 ವೋಲ್ಟ್ ಬದಿಯ (ಸೆಕೆಂಡರಿ) ಒಂದು ತುದಿಯನ್ನು ಬಿಚ್ಚಬಹುದಾದ ಲಿಂಕ್ ಮೂಲಕ ಅರ್ಥ್ ಬಾರ್‌ಗೆ ಕೊಟ್ಟೆ. ಕಾಯಿಲ್‌ಗಳ ಎ2 ಎಂಬ ಎರಡನೇ ತುದಿಗಳೆಲ್ಲ ನೇರವಾಗಿ ಅದೇ ಕಡೆಗೆ, ನಡುವೆ ಯಾವ ಸ್ವಿಚ್ಚಿನ ಕಾಂಟ್ಯಾಕ್ಟೂ ಇಲ್ಲ. ಸ್ಟಾಪ್, ಸ್ಟಾರ್ಟ್, ಲಿಮಿಟ್ ಸ್ವಿಚ್ ಎಲ್ಲವೂ 2 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇರುವ ಇನ್ನೊಂದು ಕಡೆಗೆ. ಹೀಗಿದ್ದರೆ ತಂತಿ ಬಾಡಿಗೆ ತಾಗಿದಾಗ ಕಾಯಿಲ್‌ನ ಎರಡೂ ತುದಿ ಅರ್ಥ್‌ನಲ್ಲೇ ಇರುತ್ತವೆ, ಅದು ಹಿಡಿದುಕೊಳ್ಳಲಾರದು. ಮೋಟರ್ ಮೇಲೆ ಹೊರೆ ಹೆಚ್ಚಾದರೆ ಕಡಿಯುವ ಓವರ್‌ಲೋಡ್ ರಿಲೇಯ ಕಾಂಟ್ಯಾಕ್ಟ್ ಅದೇ ಪೆಟ್ಟಿಗೆಯೊಳಗಿದ್ದರೆ ಅರ್ಥ್ ಕಡೆ ಇರಲು ಯಂತ್ರಗಳ ವಿದ್ಯುತ್ ಸುರಕ್ಷತೆಯ ಐಇಸಿ 60204-1 ಮಾನಕದಲ್ಲಿ ವಿನಾಯಿತಿ ಇದೆ. ಆದರೂ ನಾನು ಅದನ್ನೂ ಎಂಸಿಬಿ ಕಡೆಗೆ ಸ್ಥಳಾಂತರಿಸಿದೆ. ಮುಂದೆ ಕೈ ಹಾಕುವವರಿಗೆ ಗೊಂದಲ ಬೇಡ.

ಬಾಡಿಯ ಅರ್ಥಿಂಗ್‌ಗೆ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದೆ. ಪ್ಯಾನೆಲ್ ಬಾಗಿಲಿಗೆ ಪ್ರತ್ಯೇಕ ಹೆಣೆದ ತಾಮ್ರದ ಪಟ್ಟಿ, ಕೀಲನ್ನು ನಂಬುವಂತಿಲ್ಲ. ಫ್ಲೆಕ್ಸಿಬಲ್ ಪೈಪನ್ನೂ ಅರ್ಥ್ ತಂತಿಯ ಬದಲಿಗೆ ಲೆಕ್ಕಕ್ಕೆ ಹಿಡಿಯಬಾರದು, ಅದರೊಳಗೆ ಹಸಿರು-ಹಳದಿ ತಂತಿಯೇ ಹೋಗಬೇಕು. ಜೋಡಣೆಯನ್ನು ಮಲ್ಟಿಮೀಟರ್‌ನಲ್ಲಿ ನೋಡಿದರೆ ಒಂದೇ ಎಳೆ ತಾಗಿದ್ದರೂ ಬೀಪ್ ಎನ್ನುತ್ತದೆ. ಆದ್ದರಿಂದ 10 ಆಂಪಿಯರ್ ಹರಿಸಿ ವೋಲ್ಟೇಜ್ ಎಷ್ಟು ಬೀಳುತ್ತದೆಂದು ಅಳೆದೆ. ಆಮೇಲೆ ಲಿಂಕ್ ಬಿಚ್ಚಿ, 500 ವೋಲ್ಟ್ ಮೆಗ್ಗರ್ ಎಂಬ ಇನ್ಸುಲೇಶನ್ ಅಳೆಯುವ ಮೀಟರ್‌ನಲ್ಲಿ ಕಂಟ್ರೋಲ್ ತಂತಿಗಳ ಇನ್ಸುಲೇಶನ್ ನೋಡಿ, ಲಿಂಕ್ ಮತ್ತೆ ಕೂಡಿಸಿದೆ.

ಕೊನೆಗೆ ಮಾಲೀಕರ ಎದುರೇ ಒಂದು ಪರೀಕ್ಷೆ. ಸಪ್ಲೈ ಬಂದ್ ಮಾಡಿ, ಕಾಯಿಲ್‌ಗೆ ಹೋಗುವ ತಂತಿಯನ್ನು ಬಾಡಿಗೆ ಬಿಗಿಯಾಗಿ ಕಟ್ಟಿ, ಪ್ಯಾನೆಲ್ ಮುಚ್ಚಿ ಸಪ್ಲೈ ಕೊಟ್ಟು ಸ್ಟಾರ್ಟ್ ಒತ್ತಿದೆ. ಎಂಸಿಬಿ ಟಕ್ಕೆಂದು ಬಿತ್ತು, ಲೇತ್ ಅಲುಗಲಿಲ್ಲ. “ಹಾಗಾದರೆ ಇದು ಪದೇ ಪದೇ ಬೀಳುತ್ತದೆಯೇ, 10 ಆಂಪಿಯರ್‌ನದು ಹಾಕಿಬಿಡಿ ಸರ್” ಎಂದರು ಮಾಲೀಕರು. ತಂತಿ ಬಾಡಿಗೆ ತಾಗಿದರೆ ಬೀಳಲೆಂದೇ ಅದನ್ನು ಹಾಕಿದ್ದು ಎಂದು ವಿವರಿಸಿ, ಬಾಗಿಲಿನ ಒಳಮೈಯಲ್ಲಿ “2 ಆಂಪಿಯರ್ ಮಾತ್ರ, ಲಿಂಕ್ ತೆಗೆಯಬೇಡಿ” ಎಂದು ಬಣ್ಣದಲ್ಲಿ ಬರೆದು ಬಂದೆ.