ಹೊಗೆಸೊಪ್ಪಿನ ಹೊಲದ ಮೇಲೆ ಥಾಂಕಾದ ಮೋಡ

ನಾನು ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ. 1961ರಲ್ಲಿ ಟಿಬೆಟನ್ ನಿರಾಶ್ರಿತರ ಶಿಬಿರ ಇಲ್ಲಿ ಶುರುವಾದಾಗ ಕಾಡು ಕಡಿದು ಹೊಲ ಮಾಡಿದವರಲ್ಲಿ ನನ್ನ ಅಜ್ಜನೂ ಒಬ್ಬರು. ಟಿಬೆಟನ್ನು ನಾನು ಕಂಡಿಲ್ಲ. ಆದರೂ ಬಟ್ಟೆಯ ಮೇಲೆ ಬರೆಯುವ ಟಿಬೆಟನ್ನರ ಧಾರ್ಮಿಕ ಚಿತ್ರವಾದ ಥಾಂಕಾ ಕಲಿಯುವಾಗ ನಾನು ಬರೆದ ಬೆಟ್ಟಗಳೆಲ್ಲ ಅಲ್ಲಿಯವೇ. ಮುಂದೆ ಮೈಸೂರಿನ ಚಿತ್ರಕಲಾ ಕಾಲೇಜು ‘ಕಾವಾ’ದಲ್ಲಿ ಕಣ್ಣೆದುರು ಇರುವುದನ್ನು ನೋಡಿ ಬರೆಯುವುದನ್ನು ಕಲಿತೆ.

ಎರಡನ್ನೂ ಕೂಡಿಸಲು ಸುಲಭದ ದಾರಿಯೊಂದಿದೆ: ಮುಂದೆ ಮುಸುಕಿನ ಜೋಳ, ಹಿಂದೆ ಹಿಮದ ಶಿಖರ. ಅದು ಕ್ಯಾಲೆಂಡರಿಗೆ ಆದೀತು. ನಾನು ನೆಲವನ್ನು ಇಲ್ಲಿಯದನ್ನೇ ಇಟ್ಟುಕೊಂಡು, ನೋಡುವ ಕ್ರಮವನ್ನು ಮಾತ್ರ ಥಾಂಕಾದಿಂದ ಪಡೆದೆ. ಥಾಂಕಾದಲ್ಲಿ ಬೆಳಕಿಗೆ ದಿಕ್ಕಿಲ್ಲ, ಯಾವುದರ ನೆರಳೂ ನೆಲಕ್ಕೆ ಬೀಳುವುದಿಲ್ಲ. ಆಕಾಶ ಮೇಲ್ತುದಿಯಲ್ಲಿ ಗಾಢ ನೀಲಿ, ಕೆಳಗಿಳಿದಂತೆ ತಿಳಿ. ಮೋಡಕ್ಕೂ ಸುರುಳಿಸುರುಳಿಯಾದ ಅಂಚು ಇರುತ್ತದೆ.

ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನನ್ನು ಹೀಗೆ ಬರೆದಾಗ ಪಕ್ಕದ ಹೊಲದ ರೈತರು, “ನೆರಳೇ ಇಲ್ಲವಲ್ಲ, ಇದು ಎಷ್ಟು ಹೊತ್ತಿನ ಚಿತ್ರ?” ಎಂದು ಕೇಳಿದರು. ಶಿಬಿರದ ಹಿರಿಯರೊಬ್ಬರ ತಕರಾರು ಬೇರೆ. ಇಂಥ ಮೋಡ ದೇವತೆಗಳ ಹಿಂದೆ ಇರಬೇಕಾದದ್ದು, ಹೊಗೆಸೊಪ್ಪಿನ ಮೇಲಲ್ಲ ಎಂದರು. ಪೂಜೆಯ ಥಾಂಕಾಕ್ಕೆ ಅಳತೆಯಿದೆ, ವಿಧಿಯಿದೆ; ಅದರಲ್ಲಿ ನಾನು ಕೈಯಾಡಿಸುವುದಿಲ್ಲ. ಇದು ಪೂಜೆಗಲ್ಲ, ಆದ್ದರಿಂದ ಮೋಡ ಉಳಿಯಿತು. ನೆರಳನ್ನೂ ಸೇರಿಸಲಿಲ್ಲ.

ಆಕಾಶದ ಬಣ್ಣ ಮಾತ್ರ ಕಾಡಿತು. ಜೂನ್‌ ತಿಂಗಳಲ್ಲಿ ಇಲ್ಲಿನ ಆಕಾಶ ಬೂದಿ ಬಣ್ಣ. ಅದಕ್ಕೆ ನೀಲಿ ಬಳಿದರೆ ಸುಳ್ಳಾಗುತ್ತದೆ. ಚಿತ್ರಕಾರ ಕೆ. ವೆಂಕಟಪ್ಪನವರು ಊಟಿಯನ್ನು ಬರೆದ ಜಲವರ್ಣಗಳು ಆಗ ನೆರವಾದವು. ಅಲ್ಲಿ ಮಂಜು ಬೆಟ್ಟವನ್ನು ಮೆಲ್ಲಗೆ ನುಂಗುತ್ತದೆ. ಗಾಢದಿಂದ ತಿಳಿಗೆ ಇಳಿಯುವ ಥಾಂಕಾದ ಕ್ರಮವನ್ನು ಹಾಗೆಯೇ ಬಿಟ್ಟು, ನೀಲಿಯ ಜಾಗದಲ್ಲಿ ಬೂದಿಯನ್ನು ಹಚ್ಚಿದೆ.

ಹಸಿರಿಗೆ ಮ್ಯಾಲಕೈಟ್ ಕಲ್ಲಿನ ಪುಡಿ ಬಳಸುತ್ತೇನೆ. ನುಣ್ಣಗೆ ಅರೆದಷ್ಟೂ ಅದು ತಿಳಿಯಾಗುವುದರಿಂದ ಎಳೆಯ ಪೈರಿಗೂ ಬಲಿತ ಪೈರಿಗೂ ಒಂದೇ ಕಲ್ಲು ಸಾಕು. ಕೆಂಪು ನಮ್ಮ ಹೊಲದ ಮಣ್ಣು. ಅದನ್ನು ನೀರಿನಲ್ಲಿ ಕಲಕಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ಕೆಂಪು ನೀರನ್ನಷ್ಟೇ ಬಸಿದುಕೊಳ್ಳಬೇಕು. ಮತ್ತೆ ತಳ ಕಟ್ಟಿದ ನುಣುಪು ಮಣ್ಣನ್ನು ಒಣಗಿಸಿ, ಅರೆದು, ಬೆಚ್ಚಗಿನ ಚರ್ಮದ ಅಂಟಿಗೆ ಸೇರಿಸುತ್ತೇನೆ. ಅಂಟು ಹೆಚ್ಚಾದರೆ ಬಣ್ಣ ಬಿರಿಯುತ್ತದೆ, ಕಡಿಮೆಯಾದರೆ ಬೆರಳಿಗೆ ಹತ್ತುತ್ತದೆ. ಬೆರಳಿನಲ್ಲಿ ಉಜ್ಜಿ ನೋಡುವುದಲ್ಲದೆ ಬೇರೆ ಅಳತೆ ನನ್ನಲ್ಲಿಲ್ಲ.

ಈ ಅಂಟಿಗೂ ನಮ್ಮ ಮಳೆಗೂ ಆಗಿಬರುವುದಿಲ್ಲ. ತೇವದಲ್ಲಿ ಬಟ್ಟೆ ಸಡಿಲುತ್ತದೆ, ಬೂಷ್ಟು ಹಿಡಿಯುತ್ತದೆ, ವಾಸನೆಗೆ ಮನೆಯವರು ಬೈಯುತ್ತಾರೆ. ಅದಕ್ಕೇ ಕೋರಾ ಬಟ್ಟೆಗೆ ಸೀಮೆಸುಣ್ಣದ ಪುಡಿ, ಅಂಟು ಬೆರೆಸಿ ಬಳಿದು ನುಣುಪು ಕಲ್ಲಿನಿಂದ ತಿಕ್ಕುವ ಕೆಲಸವನ್ನೆಲ್ಲ ಬೇಸಿಗೆಯಲ್ಲೇ ಮುಗಿಸಿ, ಚೌಕಟ್ಟುಗಳನ್ನು ಅಡುಗೆಮನೆಯ ಅಟ್ಟಕ್ಕೆ ಏರಿಸಿಬಿಡುತ್ತೇನೆ.