ವಿದ್ಯುತ್ ದೋಣಿಯ ಲಿಥಿಯಂ ಪ್ಯಾಕ್: ಸೆಲ್‌ಗಳನ್ನು ಸಮಗೊಳಿಸುವ ಕ್ರಮ

ರಸ್ತೆಯಲ್ಲಿ ಬ್ಯಾಟರಿ ಕೈಕೊಟ್ಟರೆ ವಾಹನವನ್ನು ಬದಿಗೆ ನಿಲ್ಲಿಸಿ ಇಳಿಯಬಹುದು. ನೀರಿನ ನಡುವೆ ಮೋಟಾರು ನಿಂತರೆ ದೋಣಿ ಗಾಳಿಗೂ ಸೆಳವಿಗೂ ಸಿಕ್ಕಿ ಎತ್ತಲೋ ಸರಿಯುತ್ತದೆ. ಸರಣಿಯಲ್ಲಿ ಜೋಡಿಸಿದ 16 ಸೆಲ್‌ಗಳ ಪೈಕಿ ಒಂದೇ ಒಂದು ಬರಿದಾದರೂ, ಉಳಿದ 15ರಲ್ಲಿ ಚಾರ್ಜ್ ಇರುವಾಗಲೇ ಬಿಎಂಎಸ್ (ಪ್ರತಿ ಸೆಲ್ಲನ್ನೂ ಕಾಯುವ ಬ್ಯಾಟರಿ ನಿರ್ವಹಣಾ ವ್ಯವಸ್ಥೆ) ಇಡೀ ಪ್ಯಾಕಿನ ಸಂಪರ್ಕವನ್ನು ಕಡಿದುಬಿಡುತ್ತದೆ. ಚಾರ್ಜ್ ಮಾಡುವಾಗಲೂ ಹೀಗೆಯೇ. ಮೊದಲು ತುಂಬಿದ ಸೆಲ್ ಉಳಿದವುಗಳ ದಾರಿಯನ್ನು ಮುಚ್ಚುತ್ತದೆ. ಆದ್ದರಿಂದ ಸಮಗೊಳಿಸುವಿಕೆಯನ್ನು, ಅಂದರೆ ಎಲ್ಲ ಸೆಲ್‌ಗಳ ಚಾರ್ಜನ್ನು ಒಂದೇ ಮಟ್ಟಕ್ಕೆ ತರುವುದನ್ನು, ನಾನು ಸುರಕ್ಷತೆಯ ಕೆಲಸವೆಂದೇ ಎಣಿಸುತ್ತೇನೆ.

ಇಲ್ಲಿನ ಅಂಕಿಗಳು ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳಿಗೆ ಮಾತ್ರ ಅನ್ವಯಿಸುತ್ತವೆ; ಬೇರೆ ಬಗೆಯ ಲಿಥಿಯಂ ಸೆಲ್‌ಗಳ ಮಿತಿಗಳೇ ಬೇರೆ. ಇವುಗಳ ಸಾಮಾನ್ಯ ವೋಲ್ಟೇಜ್ 3.2, ಮೇಲಿನ ಮಿತಿ 3.65, ಕೆಳಗಿನ ಮಿತಿ 2.5. ಚಾರ್ಜಿನ ನಡುಭಾಗದಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ ಅಲುಗಾಡುವುದೇ ಇಲ್ಲ. ಅರ್ಧ ತುಂಬಿದ ಪ್ಯಾಕನ್ನು ಅಳೆದಾಗ ಎಲ್ಲ ಸೆಲ್‌ಗಳೂ 3.30 ತೋರಿಸಿದವೆಂದು ನೆಮ್ಮದಿಯಿಂದ ಮುಚ್ಚಳ ಹಾಕುವುದು ತಪ್ಪು, ಏಕೆಂದರೆ ಚಾರ್ಜಿನಲ್ಲಿ ದೊಡ್ಡ ಅಂತರವಿದ್ದರೂ ಅಲ್ಲಿ ಅದು ಕಾಣುವುದಿಲ್ಲ. ಸುಮಾರು 3.4 ದಾಟಿದ ಮೇಲೆಯೇ ನಿಜ ಹೊರಬೀಳುತ್ತದೆ: ಹದಿನೈದು ಸೆಲ್‌ಗಳು 3.45ರ ಆಸುಪಾಸಿನಲ್ಲಿರುವಾಗ ಒಂದು ಮಾತ್ರ 3.58ಕ್ಕೆ ಜಿಗಿಯುತ್ತದೆ.

ಹೊಸ ಪ್ಯಾಕನ್ನು ಕಟ್ಟುವವರು ಮೊದಲು ಸೆಲ್‌ಗಳನ್ನು ಬಿಎಂಎಸ್ ಕಾವಲಿನಲ್ಲಿ ಸರಣಿಯಲ್ಲೇ ಬಹುತೇಕ ತುಂಬಿಸಿ, ಬಳಿಕ ಬಿಚ್ಚಿ, ವೋಲ್ಟೇಜ್‌ಗಳು ಹತ್ತಿರ ಹತ್ತಿರ ಇವೆಯೆಂದು ಖಚಿತಪಡಿಸಿಕೊಂಡು ಸಮಾಂತರವಾಗಿ ಜೋಡಿಸಬೇಕು. ಪವರ್ ಸಪ್ಲೈಯನ್ನು ಸೆಲ್‌ಗಳಿಗೆ ತಾಗಿಸುವ ಮುನ್ನವೇ ಮಲ್ಟಿಮೀಟರಿನಿಂದ ಅಳೆದು 3.65ಕ್ಕೆ ಹೊಂದಿಸಿ, ಕರೆಂಟ್ ತೀರ ಕಡಿಮೆಯಾದ ಕೂಡಲೇ ತೆಗೆಯಬೇಕು. ಅದೇ ವೋಲ್ಟೇಜಿನಲ್ಲಿ ದಿನಗಟ್ಟಲೆ ಬಿಡಬಾರದು. ಉಂಗುರ, ಗಡಿಯಾರ ಕಳಚಿಡಿ. ಸ್ಪ್ಯಾನರಿನ ಹಿಡಿಗೆ ಟೇಪು ಸುತ್ತಿ. ಬಿಎಂಎಸ್‌ನ ಸಣ್ಣ ತಂತಿಗಳನ್ನು, ಸೆಲ್‌ಗಳನ್ನು ಮತ್ತೆ ಸರಣಿಯಲ್ಲಿ ಕಟ್ಟಿದ ಮೇಲೆ, ನೆಗೆಟಿವ್ ತುದಿಯಿಂದ ಕ್ರಮವಾಗಿ ಜೋಡಿಸಿ, ಕನೆಕ್ಟರ್ ಚುಚ್ಚುವ ಮೊದಲು ಅಕ್ಕಪಕ್ಕದ ಪಿನ್‌ಗಳ ನಡುವೆ ಒಂದೊಂದೇ ಸೆಲ್ಲಿನ ವೋಲ್ಟೇಜ್ ಬರುತ್ತಿದೆಯೇ ಎಂದು ಪರೀಕ್ಷಿಸಿ.

ಬಳಕೆಯಲ್ಲಿರುವ ಪ್ಯಾಕಿಗೆ ಬೇಕಾದದ್ದು ತಾಳ್ಮೆ. 280 ಆಂಪಿಯರ್ ಅವರ್ ಸೆಲ್‌ಗಳ ನಡುವೆ ಶೇ. 5ರ ಅಂತರವೆಂದರೆ 14 ಆಂಪಿಯರ್ ಅವರ್. ಹೆಚ್ಚು ತುಂಬಿದ ಸೆಲ್ಲಿನಿಂದ 100 ಮಿಲಿಆಂಪಿಯರ್ ಮಾತ್ರ ಸೋರಿಸುವ ಬಿಎಂಎಸ್‌ಗೆ ಅದನ್ನು ಸರಿಪಡಿಸಲು 140 ಗಂಟೆ ಹಿಡಿಯುತ್ತದೆ, ತುಂಬಿದ ಸೆಲ್ಲಿನ ಚಾರ್ಜನ್ನು ಕೊರತೆಯಿರುವ ಸೆಲ್ಲಿಗೆ ಸಾಗಿಸುವ 2 ಆಂಪಿಯರ್‌ನ ಆ್ಯಕ್ಟಿವ್ ಬ್ಯಾಲೆನ್ಸರ್‌ಗೆ 7 ಗಂಟೆ ಸಾಕು. ಎರಡರಲ್ಲಿ ಯಾವುದಿದ್ದರೂ 3.4ಕ್ಕಿಂತ ಮೇಲೆ ಮಾತ್ರ ಕೆಲಸ ಮಾಡುವಂತೆ ಹೊಂದಿಸಬೇಕು. ಮೋಟಾರು ಓಡುತ್ತಿರುವಾಗ ಆಂತರಿಕ ರೋಧ ಹೆಚ್ಚಿರುವ ಸೆಲ್ಲಿನ ವೋಲ್ಟೇಜ್ ಕುಸಿಯುತ್ತದೆ. ಸದಾ ಚಾಲೂ ಇರುವ ಬ್ಯಾಲೆನ್ಸರ್ ಅದನ್ನೇ ಬರಿದಾದ ಸೆಲ್ ಎಂದು ತಿಳಿದು ಚಾರ್ಜ್ ತುಂಬಿಸಿ, ಸರಿಯಿದ್ದ ಪ್ಯಾಕನ್ನು ಕೆಡಿಸುತ್ತದೆ. ಚಾರ್ಜರನ್ನು 16 ಸೆಲ್‌ಗಳಿಗೆ 55.2ರಿಂದ 56 ವೋಲ್ಟ್ ಒಳಗೆ ಹಿಡಿದಿಟ್ಟರೆ ಸಮಗೊಳ್ಳಲು ಸಮಯವೂ ಸಿಗುತ್ತದೆ, ಸೆಲ್‌ಗಳಿಗೂ ಒತ್ತಡವಿಲ್ಲ.

ದೋಣಿಯಲ್ಲಿ ಹಲವು ಬಾರಿ ಸಮತೋಲನ ತಪ್ಪಿದಂತೆ ಕಾಣುವುದಕ್ಕೆ ಕಾರಣ ಸೆಲ್ ಅಲ್ಲ, ಉಪ್ಪು ತೇವಕ್ಕೆ ಕಿಲುಬು ಹಿಡಿದ, ಸೆಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಲೋಹದ ಪಟ್ಟಿ, ಅಂದರೆ ಬಸ್‌ಬಾರ್. ಒಂದೇ ಸೆಲ್ ಚಾರ್ಜಿನಲ್ಲಿ ಎಲ್ಲಕ್ಕಿಂತ ಮೇಲೆ, ಬಳಕೆಯಲ್ಲಿ ಎಲ್ಲಕ್ಕಿಂತ ಕೆಳಗೆ ತೋರಿಸುತ್ತಿದ್ದು, ಕರೆಂಟ್ ನಿಂತೊಡನೆ ಉಳಿದವುಗಳ ಜೊತೆ ಸೇರಿಕೊಂಡರೆ ಮೊದಲು ಅಲ್ಲಿನ ಜೋಡಣೆಯನ್ನು ಸಂಶಯಿಸಿ. ಮುಖ್ಯ ಸ್ವಿಚ್ ಆರಿಸಿ, ಸಂಪರ್ಕದ ಮೇಲ್ಮೈ ಉಜ್ಜಿ ಒರೆಸಿ, ತಯಾರಕರು ಹೇಳಿದಷ್ಟೇ ಬಿಗಿಮಾಡಿ.

ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಸೆಲ್‌ಗಳು ಅಲೆಯ ಹೊಡೆತಕ್ಕೆ ಅಲುಗದಂತೆ, ತಳದಲ್ಲಿ ನಿಲ್ಲುವ ನೀರು ತಾಗದಂತೆ ಕೂರಲಿ. ಬಿಎಂಎಸ್ ಕಡಿಯುವುದಕ್ಕೆ ಬಹಳ ಮೊದಲೇ, ಯಾವುದೇ ಸೆಲ್ 3.0ಕ್ಕೆ ಇಳಿದಾಗ ಎಚ್ಚರಿಕೆಯ ಗಂಟೆ ಬಾರಿಸುವಂತೆ ಮಾಡಿಕೊಂಡರೆ ವೇಗ ತಗ್ಗಿಸಿ ದಡ ಸೇರಲು ಅವಕಾಶವಿರುತ್ತದೆ. ದೀಪಗಳಿಗೂ ರೇಡಿಯೋಗೂ ಬೇರೆ ಬ್ಯಾಟರಿಯೇ ಇರಬೇಕು. ಇದರಲ್ಲಿ ರಾಜಿ ಬೇಡ.

ಸೆಲ್‌ಗಳು 0 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಚಾರ್ಜ್ ಮಾಡಬಾರದು. ದೋಣಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಪ್ಯಾಕನ್ನು ಸುಮಾರು ಅರ್ಧ ಚಾರ್ಜಿನಲ್ಲಿಟ್ಟು ಎಲ್ಲ ಉಪಕರಣಗಳನ್ನೂ ಬೇರ್ಪಡಿಸಿ. ಬಿಎಂಎಸ್ ತಾನೇ ಅಲ್ಪಸ್ವಲ್ಪ ಕರೆಂಟ್ ಎಳೆಯುತ್ತಿರುವುದರಿಂದ ಆಗಾಗ ವೋಲ್ಟೇಜ್ ಅಳೆದು ಬರೆದಿಡಿ. ಮತ್ತೆ ನೀರಿಗಿಳಿಸುವ ಮುನ್ನ ಪೂರ್ತಿ ಚಾರ್ಜ್ ಮಾಡಿ, 3.45ರ ಬಳಿ ನಿಂತು ಪ್ರತಿ ಸೆಲ್ಲನ್ನೂ ನೋಡಿಕೊಳ್ಳಿ.