ಓಲ್ಡ್ ಕೋರ್ಸ್ ಆಡಲು ಹೋದೆ, ಮೊದಲು ನಡೆದು ನೋಡಿದೆ

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ಗೆ ಗಾಲ್ಫ್ ಆಡಲು ಹೋಗುವ ಯೋಚನೆ ಇದ್ದರೆ ನಿಮ್ಮ ದಿನಗಳಲ್ಲಿ ಒಂದು ಭಾನುವಾರ ಇರುವಂತೆ ನೋಡಿಕೊಳ್ಳಿ. ದೊಡ್ಡ ಪಂದ್ಯಗಳ ಸಮಯ ಬಿಟ್ಟರೆ ಭಾನುವಾರ ಅಲ್ಲಿನ ಹೆಸರಾಂತ ಗಾಲ್ಫ್ ಮೈದಾನ ಓಲ್ಡ್ ಕೋರ್ಸ್‌ನಲ್ಲಿ ಆಟ ಇರುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಕಾರಣ ಮುಂದೆ ಬರುತ್ತದೆ.

ನಾನು ಹೋಗಿದ್ದು ಒಬ್ಬನೇ, ಜೂನ್‌ನಲ್ಲಿ, ಆರು ರಾತ್ರಿಗೆ. ಅಲ್ಲಿನ ಏಳು ಕೋರ್ಸ್‌ಗಳೂ ಸಾರ್ವಜನಿಕ. ಯಾವ ಕ್ಲಬ್ಬಿನ ಸ್ವತ್ತೂ ಅಲ್ಲ, ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ. ಹಾಗಾಗಿ ಓಪನ್ ಚಾಂಪಿಯನ್‌ಶಿಪ್‌ನಂಥ ದೊಡ್ಡ ಪಂದ್ಯ ನಡೆಯುವ ಅದೇ ನೆಲದಲ್ಲಿ ನನ್ನಂಥ 18 ಹ್ಯಾಂಡಿಕ್ಯಾಪ್ ಆಟಗಾರನೂ (ಅಂದರೆ ಒಂದು ಸುತ್ತಿಗೆ ನಿಗದಿಗಿಂತ ಸುಮಾರು 18 ಹೊಡೆತ ಜಾಸ್ತಿ ತೆಗೆದುಕೊಳ್ಳುವವನು) ಆಡಬಹುದು. ಹ್ಯಾಂಡಿಕ್ಯಾಪ್ ಪುರಾವೆ ಜೊತೆಗಿರಲಿ, ಕೇಳುತ್ತಾರೆ. ಬೇಸಿಗೆಯಲ್ಲಿ ಓಲ್ಡ್ ಕೋರ್ಸ್‌ನ ಒಂದು ಸುತ್ತಿಗೆ 300 ಪೌಂಡಿಗಿಂತ ಜಾಸ್ತಿ ಆಗುತ್ತದೆ. ಉಳಿದ ಕೋರ್ಸ್‌ಗಳಲ್ಲಿ ಖರ್ಚು ಬಹಳ ಕಡಿಮೆ.

ಇನ್ನು ಜಾಗ ಸಿಗುವ ವಿಷಯ. ಇಬ್ಬರಿಂದ ನಾಲ್ವರವರೆಗಿನ ಗುಂಪಾದರೆ ಎರಡು ದಿನ ಮುಂಚೆ ಬ್ಯಾಲಟ್‌ಗೆ ಹೆಸರು ಕೊಡಬೇಕು. ಒಂಥರಾ ಚೀಟಿ ಎತ್ತುವ ಹಾಗೆ. ಒಬ್ಬರೇ ಆದರೆ ಹಿಂದಿನ ದಿನ ಖುದ್ದಾಗಿ ಹೋಗಿ ಹೆಸರು ಬರೆಸಬೇಕು, ಮರುದಿನದ ಗುಂಪುಗಳಲ್ಲಿ ಉಳಿದ ಜಾಗಗಳಿಗೆ ಡ್ರಾ ಮಾಡುತ್ತಾರೆ. 2024ಕ್ಕೆ ಮೊದಲು ಈ ಡ್ರಾ ಇರಲಿಲ್ಲ. ಒಬ್ಬರೇ ಬಂದವರು ನಡುರಾತ್ರಿಯಿಂದ ಚಳಿಯಲ್ಲಿ ಸಾಲು ನಿಲ್ಲುತ್ತಿದ್ದರು. ನನಗೆ ಮೊದಲೆರಡು ಸಲ ಬರಲಿಲ್ಲ. ಬೇಸರವಾಯಿತು ನಿಜ, ಆದರೆ ಈಗ ಯೋಚಿಸಿದರೆ ಮೊದಲ ದಿನವೇ ಸಿಕ್ಕಿದ್ದರೆ ಆ ಕೋರ್ಸ್ ನನಗೆ ಏನೂ ಅರ್ಥವಾಗುತ್ತಿರಲಿಲ್ಲ.

ಯಾಕೆಂದರೆ ಅಲ್ಲಿನ ನೆಲವೇ ಬೇರೆ. ಮರಳಿನ ಮೇಲೆ ಬೆಳೆದ ಸಣ್ಣ, ಒಣ ಹುಲ್ಲು, ಗಟ್ಟಿ ನೆಲ. ಮೊದಲ ದಿನ ನ್ಯೂ ಕೋರ್ಸ್ ಆಡಿದೆ (ಹೆಸರು ನ್ಯೂ ಅಂತಿದ್ದರೂ 1895ರದ್ದು). ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲಿನ ಜಾಗ) ಹತ್ತಿರ ಬಂದಾಗಲೆಲ್ಲ ರೂಢಿಯಂತೆ ಸ್ಯಾಂಡ್ ವೆಜ್ ಅನ್ನುವ ಕ್ಲಬ್, ಅಂದರೆ ಕೋಲು, ತೆಗೆದು ಚೆಂಡನ್ನು ಎತ್ತರಕ್ಕೆ ಎತ್ತುತ್ತಿದ್ದೆ. ಕ್ಲಬ್ ಕೆಳಗೆ ಮೆತ್ತನೆ ಹುಲ್ಲು ಇಲ್ಲ, ಕ್ಲಬ್ ಪುಟಿದು ಚೆಂಡಿನ ನಡುವಿಗೆ ಬಡಿಯುತ್ತಿತ್ತು, ಇಲ್ಲವೇ ಸರಿಯಾಗಿ ಎದ್ದ ಚೆಂಡನ್ನು ಗಾಳಿ ಎಳೆದುಕೊಂಡು ಹೋಗುತ್ತಿತ್ತು. ಜೊತೆಗೆ ಆಡುತ್ತಿದ್ದ ಊರಿನ ಹಿರಿಯರೊಬ್ಬರು 20 ಗಜ ದೂರದಿಂದಲೂ ಪಟರ್‌ನಲ್ಲೇ (ಚೆಂಡನ್ನು ನೆಲದ ಮೇಲೆ ಉರುಳಿಸುವ ಕ್ಲಬ್) ಉರುಳಿಸುತ್ತಿದ್ದರು. ಮರುದಿನ ಈಡನ್ ಕೋರ್ಸ್‌ನಲ್ಲಿ ನಾನೂ ಹಾಗೇ ಮಾಡಿದೆ. ಸ್ಯಾಂಡ್ ವೆಜ್ ಬಂಕರ್‌ನಲ್ಲಿ (ಮರಳು ಗುಂಡಿ) ಬಿಟ್ಟರೆ ಬೇರೆಲ್ಲೂ ಹೊರಬರಲಿಲ್ಲ.

ಭಾನುವಾರ ಓಲ್ಡ್ ಕೋರ್ಸ್ ಊರಿನವರ ಪಾರ್ಕ್ ಆಗಿಬಿಡುತ್ತದೆ. ನಾಯಿ ಕರೆದುಕೊಂಡು ಬರುವವರು, ಮಕ್ಕಳು, ಸುಮ್ನೆ ಸುತ್ತಾಡುವವರು. ನಾನು ಒಂದು ಪುಸ್ತಕ, ಪೆನ್ಸಿಲ್ ಹಿಡಿದು ಕೊನೆಯ, ಅಂದರೆ 18ನೇ ಗ್ರೀನ್‌ನಿಂದ ಶುರು ಮಾಡಿ ಹಿಂದುಮುಂದಾಗಿ ನಡೆದೆ. ಈ ಕೋರ್ಸನ್ನು ಹಿಂದೆ ಈಗಿನದಕ್ಕೆ ವಿರುದ್ಧ ದಿಕ್ಕಿನಲ್ಲಿ ಆಡುತ್ತಿದ್ದರು. ಅದಕ್ಕೇ ಎಷ್ಟೋ ಬಂಕರ್‌ಗಳು ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಮೇಲೆ ನಿಂತರೆ ಕಾಣುವುದೇ ಇಲ್ಲ, ಗ್ರೀನ್ ಕಡೆಯಿಂದ ತಿರುಗಿ ನೋಡಿದರೆ ಬಾಯಿ ತೆರೆದು ಕೂತಿರುತ್ತವೆ. ಒಟ್ಟು 112 ಇವೆ. 12ನೇ ಹೋಲ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ: ಟೀಯಿಂದ ನೋಡಿದರೆ ಬರೀ ಹುಲ್ಲು, ಆ ಕಡೆಯಿಂದ ನೋಡಿದರೆ ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಹುಲ್ಲು ಹಾದಿ) ನಡುವೆ ಸಾಲು ಸಾಲು ಗುಂಡಿ. ಒಂದೊಂದೂ ಎಲ್ಲಿದೆ ಅಂತ ಪುಸ್ತಕದಲ್ಲಿ ಚಿತ್ರ ಬರೆದುಕೊಂಡೆ. ಮೂರು ಗಂಟೆ ಹಿಡಿಯಿತು. ಇಡೀ ಪ್ರವಾಸದಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಆ ಮೂರು ಗಂಟೆಯಲ್ಲಿ.

ಸೋಮವಾರ ಸಂಜೆ ಫೋನಿಗೆ ಮೆಸೇಜ್ ಬಂತು, ಡ್ರಾದಲ್ಲಿ ಓಲ್ಡ್ ಕೋರ್ಸ್‌ಗೆ ಜಾಗ ಸಿಕ್ಕಿದೆ ಅಂತ. ಮಂಗಳವಾರ ಮಧ್ಯಾಹ್ನ, ಮೂವರ ಗುಂಪಿಗೆ ನಾಲ್ಕನೆಯವನಾಗಿ.

ಇಲ್ಲಿ ಒಂದು ಮಾತು ಹೇಳಬೇಕು. ವಿಮಾನದಲ್ಲಿ ನನ್ನ ಡ್ರೈವರ್‌ನ (ದೂರ ಹೊಡೆಯುವ ಉದ್ದನೆಯ ಕ್ಲಬ್) ಶಾಫ್ಟ್, ಅಂದರೆ ಕಡ್ಡಿ, ಮುರಿದಿತ್ತು. ಬ್ಯಾಗಿನೊಳಗೆ ಡ್ರೈವರ್‌ಗಿಂತ ಉದ್ದದ ಊರುಗೋಲಿನಂಥ ಒಂದು ಕೋಲು ನಿಲ್ಲಿಸಿದ್ದರೆ ಪೆಟ್ಟು ಅದಕ್ಕೆ ಬೀಳುತ್ತಿತ್ತು. ಡ್ರೈವರ್ ತಲೆಯನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟರೆ ಇನ್ನೂ ಒಳ್ಳೆಯದು. ಈಗ ಎರಡನ್ನೂ ಮಾಡುತ್ತೇನೆ. ಆವತ್ತು ಮಾತ್ರ ಡ್ರೈವರ್ ಬೇಕಾದ ಕಡೆಯೆಲ್ಲ ಅದಕ್ಕಿಂತ ಸ್ವಲ್ಪ ಚಿಕ್ಕದಾದ 3 ವುಡ್‌ನಲ್ಲೇ ಹೊಡೆದೆ. ಗಟ್ಟಿ ನೆಲದಲ್ಲಿ ಚೆಂಡು ಬಹಳ ಓಡುವುದರಿಂದ ಅಷ್ಟೇ ಸಾಕಾಯಿತು.

ಕ್ಯಾಡಿ (ಬ್ಯಾಗ್ ಹೊತ್ತು ಎಲ್ಲಿ ಹೊಡೆಯಬೇಕು ಅಂತ ಹೇಳುವವರು) ತೆಗೆದುಕೊಳ್ಳಿ, ದುಡ್ಡನ್ನು ಬೇರೆಲ್ಲಿ ಬೇಕಾದರೂ ಉಳಿಸಿ. ಏಳು ಗ್ರೀನ್‌ಗಳು ಜೋಡಿ ಗ್ರೀನ್, ಅಂದರೆ ಒಂದೇ ಗ್ರೀನ್ ಮೇಲೆ ಎರಡು ಹೋಲ್. ಊರಿನಿಂದ ಹೋಗುವಾಗಿನ ಹೋಲ್‌ಗೆ ಬಿಳಿ ಬಾವುಟ, ಬರುವಾಗಿನದಕ್ಕೆ ಕೆಂಪು. ಎರಡೂ ಹೋಲ್‌ಗಳ ಸಂಖ್ಯೆ ಕೂಡಿದರೆ 18 ಬರುತ್ತದೆ, 5ಕ್ಕೆ 13, 7ಕ್ಕೆ 11, ಹೀಗೆ. ಇಂಥ ಗ್ರೀನ್ ಮೇಲೆ 30 ಗಜದ ಪಟ್ (ಪಟರ್‌ನ ಹೊಡೆತ) ಬಂದಾಗ ಎಷ್ಟು ಬಲ ಹಾಕಬೇಕು ಅಂತ ಹೊಸಬರಿಗೆ ಅಂದಾಜೇ ಸಿಗುವುದಿಲ್ಲ. ನನ್ನ ಕ್ಯಾಡಿ ಹೋಲ್ ತೋರಿಸದೆ, 'ಅಲ್ಲಿ ಕಂದು ಹುಲ್ಲಿದೆಯಲ್ಲ, ಅದಕ್ಕೆ ಹೊಡಿ' ಅನ್ನುತ್ತಿದ್ದರು. ಅಲ್ಲಿಗೆ ಹೊಡೆದರೆ ಉಳಿದದ್ದನ್ನು ಇಳಿಜಾರು ನೋಡಿಕೊಳ್ಳುತ್ತಿತ್ತು.

14ನೇ ಹೋಲ್‌ನಲ್ಲಿ ಹೆಲ್ ಬಂಕರ್ ಅನ್ನುವ ದೊಡ್ಡ ಗುಂಡಿ. ಭಾನುವಾರ ಅದರ ಅಂಚಿನಲ್ಲಿ ನಿಂತು ಆಳ ನೋಡಿದ್ದೆನಲ್ಲ, ದಾಟಿಸುವ ಆಸೆಯೇ ಬರಲಿಲ್ಲ. ಎಡಕ್ಕೆ, 5ನೇ ಫೇರ್‌ವೇ ಕಡೆಗೆ ಹೊಡೆದು ಸುತ್ತಿ ಹೋದೆ, ಬೋಗಿ (ನಿಗದಿಗಿಂತ ಒಂದು ಹೊಡೆತ ಜಾಸ್ತಿ). 17ರಲ್ಲಿ ಟೀ ಶಾಟನ್ನು ಹೋಟೆಲ್ ಪಕ್ಕದ ಶೆಡ್ ಮೇಲಿಂದ ಹಾರಿಸಬೇಕು. ಶೆಡ್ ಗೋಡೆಯ ಮೇಲೆ ಹೋಟೆಲ್ ಹೆಸರು ದೊಡ್ಡದಾಗಿ ಬರೆದಿದೆ, ಅದರಲ್ಲಿ ಇಂಥ ಅಕ್ಷರದ ಮೇಲೆ ಹೊಡಿ ಅಂತ ಕ್ಯಾಡಿ ಹೇಳುತ್ತಾರೆ. ಹೊಡೆದೆ. ಚೆಂಡು ಎಲ್ಲಿ ಬಿತ್ತು ಅಂತ ನನಗೆ ಕಾಣಲಿಲ್ಲ, ಅವರು ಮಾತ್ರ ಆಗಲೇ ಬ್ಯಾಗ್ ಎತ್ತಿಕೊಂಡು ಹೊರಟಿದ್ದರು.

18ರಲ್ಲಿ ಎರಡನೇ ಶಾಟ್ ಗ್ರೀನ್ ಮುಂದಿನ ತಗ್ಗಿನಲ್ಲಿ ನಿಂತಿತು. ವ್ಯಾಲಿ ಆಫ್ ಸಿನ್ ಅನ್ನುವುದು ಅದಕ್ಕೇ. ಕ್ಯಾಡಿ ಏನೂ ಕೇಳದೆ ಪಟರ್ ಕೊಟ್ಟರು. ಎರಡು ಪಟ್, ಪಾರ್ (ಸರಿಯಾಗಿ ನಿಗದಿಯಷ್ಟೇ ಹೊಡೆತ). ಒಟ್ಟು 91 ಹೊಡೆತ. ಬೇಲಿ ಹತ್ತಿರ ನಿಂತು ನೋಡುತ್ತಿದ್ದ, ನನಗೆ ಪರಿಚಯವೇ ಇಲ್ಲದ ನಾಲ್ಕೈದು ಜನ ಚಪ್ಪಾಳೆ ತಟ್ಟಿದರು.